ತಂತಿ ಕಟ್ಟಿದ ಹಲ್ಲು, ತಣ್ಣನೆಯ ಮೊಸರು

ಮೊದಲ ದಿನವೇ ನೆವೆನಾಗೆ ಆ ಡಾಕ್ಟರ್ ಹಿಡಿಸಲಿಲ್ಲ.

ಅವನ ಹೆಸರು ಯಾವೊರ್. ಅಪ್ಪ ಅಮ್ಮ ಬಲ್ಗೇರಿಯಾದವರೇ ಆದರೂ ಅವನು ಹುಟ್ಟಿ ಬೆಳೆದದ್ದು ವಿಯೆನ್ನಾದಲ್ಲಿ. ಬೇಸಿಗೆಯಲ್ಲಿ ನಮ್ಮ ರೂಸೆ ಊರಿಗೆ ಬಂದು, ಅಜ್ಜಿಯ ಮನೆಯ ಕೆಳಗಿನ ಕೋಣೆಯಲ್ಲಿ ಹಲ್ಲಿನ ಕ್ಲಿನಿಕ್ ತೆರೆದಿದ್ದ. ಅಜ್ಜಿಯಿಂದ ಕಲಿತ ಅಚ್ಚ ಬಲ್ಗೇರಿಯನ್ ಮಾತು. ಮಾಸ್ಕಿನ ಮೇಲೆ ಎರಡು ಬೂದು ಕಣ್ಣು. ಆ ಕಣ್ಣುಗಳು ಸದಾ ನಗುತ್ತಿರುವಂತೆ ಕಾಣುತ್ತಿದ್ದದ್ದೇ ಅವಳಿಗೆ ಮೊದಲು ಸಿಟ್ಟು ತರಿಸಿದ್ದು.

ಬಾಯಿ ತೆರೆದು ಕುರ್ಚಿಗೆ ಒರಗಿದ ಮೇಲೆ ಮಾತಾಡುವುದೆಲ್ಲಿ? ಉತ್ತರ ಕೊಡಲು ಉಳಿಯುವುದು ತಲೆಯೊಂದೇ. ನಮ್ಮಲ್ಲಿ ಹೌದೆನ್ನಲು ತಲೆಯನ್ನು ಅತ್ತಿತ್ತ ಆಡಿಸುತ್ತೇವೆ, ಇಲ್ಲವೆನ್ನಲು ಮೇಲೆ ಕೆಳಗೆ. ವಿಯೆನ್ನಾದಂಥ ಕಡೆ ಎಲ್ಲ ತಿರುವುಮುರುವು. ಹೊಸಬನಿಗೆ ಗೊಂದಲವಾಗಬಾರದೆಂದು ನೆವೆನಾ ಅವನ ಊರಿನ ರೀತಿಯಲ್ಲೇ ಉತ್ತರಿಸಬೇಕೆಂದುಕೊಂಡಿದ್ದಳು.

ಹಲ್ಲು ನೆಟ್ಟಗೆ ಮಾಡುವ ತಂತಿಗೆ ಕ್ಲಿಪ್ ಅಂಟಿಸುವ ಮೊದಲು ಹಲ್ಲು ಒಣಗಬೇಕು. ಅವನು ದವಡೆ ಹಲ್ಲಿನ ಮೇಲೆ ತಣ್ಣನೆಯ ಗಾಳಿ ಬಿಟ್ಟ. ಜುಮ್ಮೆಂದ ನೋವು ಕಿವಿಯ ಹಿಂದೆ ಹತ್ತಿ ನೆತ್ತಿಯವರೆಗೆ ಹೋಯಿತು. ನೋಯುತ್ತಿದೆಯಾ ಎಂದು ಕೇಳಿದ. ನೆವೆನಾ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು. ಒಳ್ಳೆಯದು ಎಂದು ಅವನು ಮತ್ತೆ ಗಾಳಿ ಬಿಟ್ಟ.

ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು, ದೀಪದ ಬೆಳಕು ಚುಚ್ಚುತ್ತಿದೆಯೇನೋ ಎನ್ನುತ್ತಾ ದೀಪವನ್ನು ಪಕ್ಕಕ್ಕೆ ಸರಿಸಿದ.

ಎದ್ದ ಮೇಲೆ ಅವಳು ತುಂಬಾ ನೋವಾಯಿತು ಎಂದಳು. ತಂತಿಯ ಬಿಗಿತಕ್ಕೆ ನಾಲ್ಕು ದಿನ ಹಾಗಿರುತ್ತದೆ, ಆಮೇಲೆ ಸರಿಹೋಗುತ್ತದೆ ಎಂದ. ಹೊರಗೆ ಡ್ಯಾನ್ಯೂಬ್ ನದಿಯ ಗಾಳಿ ತುಟಿಗಳ ನಡುವೆ ನುಗ್ಗಿತು. ಮನೆ ಸೇರುವವರೆಗೂ ಅವಳು ಬಾಯಿಗೆ ಶಾಲು ಒತ್ತಿಕೊಂಡು ಅವನನ್ನು ಬೈಯುತ್ತಲೇ ನಡೆದಳು.

ಆದರೆ ಚಿಕಿತ್ಸೆ ಬಿಡುವಂತಿರಲಿಲ್ಲ. ಮೇಲಿನ ಹಲ್ಲು ಕೆಳಗಿನದರ ಮೇಲೆ ಅಡ್ಡ ಕೂತು ಎರಡನ್ನೂ ಸವೆಸುತ್ತಿತ್ತು. ಹೀಗೇ ಬಿಟ್ಟರೆ ನಲವತ್ತು ತುಂಬುವಷ್ಟರಲ್ಲಿ ತಣ್ಣಗಿರುವುದೇನನ್ನೂ ಬಾಯಿಗಿಡಲಾಗುವುದಿಲ್ಲ ಎಂದಿದ್ದರು. ನೆವೆನಾಳ ಬದುಕೇ ತಣ್ಣಗಿರುವುದರ ಮೇಲೆ ನಿಂತಿತ್ತು. ಅವಳು ಮೊಸರಿನ ಕಾರ್ಖಾನೆಯಲ್ಲಿ ರುಚಿ ನೋಡುವವಳು. ದಿನಾ ಬೆಳಗ್ಗೆ ಶೀತಲ ಕೋಣೆಯಿಂದ ನಲವತ್ತು ಲೋಟ ಮೊಸರು ಅವಳ ಮೇಜಿಗೆ ಬರುತ್ತಿತ್ತು. ಒಂದೊಂದು ಚಮಚ ನಾಲಿಗೆಗಿಟ್ಟು, ಇದು ಮೂರು ದಿನದ್ದು, ಇದಕ್ಕೆ ಹೆಪ್ಪು ಹೆಚ್ಚಾಗಿದೆ, ಇದು ಕುರಿ ಹಾಲಿನದು ಎಂದು ಎಂಟು ವರ್ಷಗಳಿಂದ ತಪ್ಪಿಲ್ಲದೆ ಹೇಳುತ್ತಿದ್ದಳು.

ಈಗ ಚಮಚ ಹತ್ತಿರ ಬಂದರೆ ದವಡೆ ಬಿಗಿಯುತ್ತಿತ್ತು. ನೋವು ಮೊದಲು, ರುಚಿ ಆಮೇಲೆ. ಅಕ್ಟೋಬರಿನಲ್ಲಿ ಒಂದೇ ವಾರ ಐದು ತಪ್ಪು ಹೇಳಿದಳು. ಮೇಲಧಿಕಾರಿ ಎಲ್ಕಾ ಅವಳನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದಳು: ಬರುವ ತಿಂಗಳು ಪರೀಕ್ಷೆ, ಹನ್ನೆರಡು ಲೋಟ, ಹನ್ನೊಂದಾದರೂ ಸರಿಯಿರಬೇಕು. ಇಲ್ಲವಾದರೆ ಮೇಜು ಬೇರೆಯವರಿಗೆ, ನೆವೆನಾ ಡಬ್ಬಿಗೆ ಚೀಟಿ ಅಂಟಿಸುವ ಕಡೆಗೆ.

ಎರಡನೆಯ ಸಲ ಹೋದಾಗಲೂ ಅದೇ ಗಾಳಿ, ಅದೇ ಪ್ರಶ್ನೆ, ಅದೇ "ಒಳ್ಳೆಯದು". ಹೊರಡುವಾಗ ಅವನು ಬಾಗಿಲವರೆಗೆ ಬಂದು ಅವಳ ಕೋಟು ಹಿಡಿದ. ಅವಳು ಅದನ್ನು ಕಿತ್ತುಕೊಂಡು ಮೆಟ್ಟಿಲ ಮೇಲೆ ತಾನೇ ತೊಟ್ಟುಕೊಂಡಳು. ಹಿಂತಿರುಗಿ ನೋಡಿದರೆ ಅವನಿನ್ನೂ ಬಾಗಿಲಲ್ಲೇ ನಿಂತಿದ್ದ, ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ.

ಮೂರನೆಯ ಸಲ, ಪರೀಕ್ಷೆಗೆ ಇನ್ನು ಆರು ದಿನವಿದ್ದಾಗ, ಗಾಳಿಯ ನಳಿಕೆ ಹಲ್ಲಿಗೆ ತಾಕುವ ಮೊದಲೇ ಅವಳು ಅವನ ಮಣಿಕಟ್ಟು ಹಿಡಿದಳು.

"ಪ್ರತಿ ಸಲ ನೋವು ಅಂತ ತಲೆ ಆಡಿಸ್ತೀನಿ, ಪ್ರತಿ ಸಲ ಮತ್ತೆ ಗಾಳಿ ಬಿಡ್ತೀರ. ನಿಮಗೆ ಕಣ್ಣು ಕಾಣಲ್ವಾ ಡಾಕ್ಟ್ರೇ?"

"ನೋವಿಲ್ಲ ಅಂದ್ರಲ್ಲ ನೀವು."

"ಯಾವಾಗ ಅಂದೆ?"

ಅವನು ತಲೆಯನ್ನು ಮೇಲೆ ಕೆಳಗೆ ಆಡಿಸಿ ತೋರಿಸಿದ.

"ಅದು ಹೌದು ಅಂತ. ನಿಮ್ಮೂರಿನ ಹೌದು. ನಿಮಗೆ ಅರ್ಥ ಆಗ್ಲಿ ಅಂತ ಹಾಗೆ ಮಾಡ್ದೆ."

ಯಾವೊರ್ ನಳಿಕೆಯನ್ನು ತಟ್ಟೆಯಲ್ಲಿಟ್ಟ. "ನಾನು ನಿಮ್ಮೂರಿನ ಇಲ್ಲ ಅಂತ ತಿಳ್ಕೊಂಡೆ. ಬಂದ ವಾರವೇ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಇಲ್ಲಿಯವರಿಗೆ ನನ್ನಿಂದ ತೊಂದರೆ ಆಗ್ಬಾರ್ದು ಅಂತ."

ಕ್ಲಿನಿಕ್ಕಿನ ಸಹಾಯಕಿ ಸ್ತೋಯಾಂಕಾ, ಅವನ ಅಜ್ಜಿಯ ಗೆಳತಿ, ಹತ್ತಿಯ ಡಬ್ಬಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಸಿದು ನಗತೊಡಗಿದಳು. "ಅಯ್ಯೋ ಮಗಳೇ, ಇವನು ನಿನ್ನ ದಡಕ್ಕೆ ದಾಟಿದ, ನೀನು ಇವನ ದಡಕ್ಕೆ ದಾಟಿದೆ. ಎದುರುಬದುರಾಗಲೇ ಇಲ್ಲ ನೀವಿಬ್ರು."

ನೆವೆನಾ ನಗಲಿಲ್ಲ. ಎರಡು ತಿಂಗಳು ಸಾಕಿದ ಕೋಪ. ಅದನ್ನು ಬಿಟ್ಟುಕೊಟ್ಟರೆ ಕೆಳಗೆ ಇನ್ನೇನಿದೆಯೋ ಎಂದು ಅವಳಿಗೆ ಹೆದರಿಕೆ. ಅಂದು ಕೋಟು ಹಿಡಿದಿದ್ದ ಅವನ ಕೈಗಳು ಮತ್ತೆ ಮತ್ತೆ ನೆನಪಾಗುತ್ತಿದ್ದವು. ಅದಕ್ಕೇ ಇನ್ನಷ್ಟು ಗಡುಸಾಗಿ ಮೊಸರು, ಪರೀಕ್ಷೆ, ಮೇಜು ಎಲ್ಲ ಹೇಳಿ, ನಿಮ್ಮ ಒಳ್ಳೆಯತನದಿಂದ ನನ್ನ ಕೆಲಸ ಹೋಗುತ್ತಿದೆ ಎಂದಳು.

ಅವನು ಕ್ಷಮೆ ಕೇಳಿದ, ಒಂದೇ ಸಲ, ಕಡಿಮೆ ಮಾತಿನಲ್ಲಿ. ಆಮೇಲೆ ಗಾಳಿ ಬಿಡದೆ, ಹತ್ತಿಯಿಂದ ಒಂದೊಂದೇ ಹಲ್ಲು ಒರೆಸಿ, ಬಿಗಿದಿದ್ದ ತಂತಿಯನ್ನು ಬಿಚ್ಚಿ ತೆಗೆದ. ಸವೆದ ಜಾಗಗಳಿಗೆ ಫ್ಲೋರೈಡ್ ಲೇಪ ಹಚ್ಚಿದ. ಪ್ರತಿ ಹಲ್ಲಿಗೂ ನಿಲ್ಲಿಸಿ, ಅವಳು ಬಾಯಿ ಮುಚ್ಚಿ ಮಾತಿನಲ್ಲೇ ಉತ್ತರ ಹೇಳುವವರೆಗೆ ಕಾದ. ಹದಿನಾಲ್ಕು ಹಲ್ಲು. ಇಷ್ಟು ಹತ್ತಿರದಿಂದ ಯಾರೂ ಅವಳ ಉತ್ತರಕ್ಕಾಗಿ ಹೀಗೆ ಕಾದಿರಲಿಲ್ಲ.

ಪರೀಕ್ಷೆ ಮುಗಿಯುವವರೆಗೆ ತಂತಿ ಬೇಡ, ಅದಿಲ್ಲದಿದ್ದರೆ ಹಲ್ಲು ಸ್ವಲ್ಪ ಹಿಂದೆ ಸರಿಯುತ್ತದೆ, ಚಿಕಿತ್ಸೆ ಒಂದೆರಡು ತಿಂಗಳು ಉದ್ದವಾಗುತ್ತದೆ ಎಂದ.

"ಅಂದ್ರೆ ಇನ್ನೂ ಎರಡು ತಿಂಗಳು ನಿಮ್ಮ ಮುಖ ನೋಡ್ಬೇಕು," ಎಂದಳು ನೆವೆನಾ.

"ನನಗೇನೂ ಬೇಜಾರಿಲ್ಲ," ಎಂದ ಅವನು, ಕೈಗವಸು ಕಳಚುತ್ತಾ, ಅವಳತ್ತ ನೋಡದೆ. ಅವನ ಕಿವಿ ಕೆಂಪಾಗಿತ್ತು.

ಪರೀಕ್ಷೆ ನಡೆದ ಸೋಮವಾರ ಸಂಜೆ, ಕೊನೆಯ ರೋಗಿ ಹೊರಡುವ ಹೊತ್ತಿಗೆ, ಅವಳು ಹೇಳದೆ ಕೇಳದೆ ಕ್ಲಿನಿಕ್ಕಿಗೆ ಬಂದಳು. ಮುಖ ಬಿಗಿದಿತ್ತು. ಯಾವೊರ್ ಎದ್ದು ನಿಂತ.

"ಹನ್ನೊಂದು ಸರಿ," ಎಂದಳು. "ಮೇಜು ನನ್ನದೇ. ಒಂದು ತಪ್ಪು."

"ನೋವಾಯ್ತಾ?"

"ಇಲ್ಲ. ಒಂದು ಚೂರೂ ಇಲ್ಲ. ಅದಕ್ಕೇ ತಪ್ಪಿದ್ದು. ನೋವಿದ್ದಾಗ ನಿಮ್ಮನ್ನ ಬೈಕೊಂಡು ಇರ್ತಿದ್ದೆ. ಇವತ್ತು ಬೈಯೋಕೆ ಏನೂ ಸಿಗ್ಲಿಲ್ಲ, ಸುಮ್ನೆ ನಿಮ್ಮನ್ನೇ ನೆನೆಸ್ಕೊಂಡು ಕೂತೆ. ಹಸು ಹಾಲಿಂದನ್ನ ಎಮ್ಮೆ ಹಾಲಿಂದು ಅಂದ್ಬಿಟ್ಟೆ. ಎಂಟು ವರ್ಷದಲ್ಲಿ ಅಷ್ಟು ದೊಡ್ಡ ತಪ್ಪು ಮಾಡಿರ್ಲಿಲ್ಲ ನಾನು."

ಒಳಗಿನ ಕೋಣೆಯಲ್ಲಿ ಸ್ತೋಯಾಂಕಾ ನಲ್ಲಿ ನಿಲ್ಲಿಸಿದಳು.

ಯಾವೊರ್ ಮಾಸ್ಕನ್ನು ಗದ್ದದ ಕೆಳಗೆ ಎಳೆದ. ಆ ಕಣ್ಣುಗಳು ಈಗ ನಗುತ್ತಿರಲಿಲ್ಲ, ಹೆದರಿದ್ದವು. ತಂತಿ ಬಿಚ್ಚಿದ ದಿನದಿಂದ ತನಗೂ ಒಂದು ಕೆಲಸವೂ ನೆಟ್ಟಗಾಗುತ್ತಿಲ್ಲವೆಂದ. ಚಿಕಿತ್ಸೆ ಮುಗಿಯುವವರೆಗೆ ಬಾಯಿ ಬಿಡಬಾರದೆಂದುಕೊಂಡಿದ್ದೆ, ಬೇಕಾದರೆ ನಿಮ್ಮನ್ನು ಬೇರೆ ಡಾಕ್ಟರ ಹತ್ತಿರ ಕಳಿಸುತ್ತೇನೆ ಎಂದ.

"ಕಳಿಸಿ ನೋಡಿ," ಎಂದಳು ನೆವೆನಾ. ಕೋಟಿನ ಗುಂಡಿ ಹಾಕಿಕೊಂಡು ಬಾಗಿಲವರೆಗೆ ಹೋಗಿ ನಿಂತಳು. ಸಂತೆಬೀದಿಯ ಮೂಲೆಯ ಅಂಗಡಿಯಲ್ಲಿ ಹುರುಳಿಕಾಯಿ ಬೀಜದ ಬಿಸಿ ಸೂಪ್ ಸಿಗುತ್ತದೆ, ನೆಮ್ಮದಿಯಾಗಿ ಒಂದು ಊಟ ಮಾಡಿ ಎರಡು ತಿಂಗಳಾಯಿತು ಎಂದಳು.

"ಇನ್ನೂ ನಿಂತಿದ್ದೀಯಲ್ಲ," ಎಂದಳು, ನೀವು ಎನ್ನುವುದನ್ನು ಮೊದಲ ಸಲ ಬಿಟ್ಟು. "ಬಾ."