ಸುಮ್ಮನೆ ಎಂಬ ಉತ್ತರ

ಇಂಟರ್‌ವ್ಯೂ ಮುಗಿಸಿದವಳು ಮನೆಗೆ ಹೋಗಲಿಲ್ಲ. ಹಲ್ಲಿನ ಕ್ಲಿನಿಕ್ಕಿನ ಹಿಂಬಾಗಿಲಿನಿಂದ ನೇರ ಅವನ ಕೋಣೆಗೆ ಬಂದು, ಸ್ಟೂಲು ಎಳೆದುಕೊಂಡು ಕೂತಳು.

ಅವನು ಅಲ್ಲಿ ಹಲ್ಲು ಕಟ್ಟುವವನು. ಬಾಯಿ ಬೋಳಾದವರಿಗೆ ಹೊಸ ಸೆಟ್ಟು ಮಾಡಿಕೊಡುವುದು ಅವನ ಕೆಲಸ. ಕಪಾಟಿನ ತುಂಬ ಅರ್ಧ ಮುಗಿದ ನಗುಗಳು. ಅವನು ಮಾತ್ರ ತುಟಿ ಬಿಚ್ಚಿ ನಕ್ಕದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ನಗು ಬಂದರೆ ಕಣ್ಣಿನಲ್ಲೇ ಮುಗಿಸಿಬಿಡುತ್ತಿದ್ದ.

"ಎಲ್ಲಾ ಕೆಡಿಸ್ಕೊಂಡು ಬಂದೆ," ಅಂದಳು.

ಅವನು ಪಾಲಿಶ್ ಮಿಷನ್ನು ನಿಲ್ಲಿಸಿದ.

ಮೆಡಿಕಲ್ ಕಾಲೇಜಿನವರು ಮೂವರು ಕೂತಿದ್ದರಂತೆ. ಹೆದರಿದ ರೋಗಿಗೆ ಏನು ಹೇಳುತ್ತೀರಿ, ಸುಳ್ಳು ಹೇಳುವ ರೋಗಿಯನ್ನು ಹೇಗೆ ನಿಭಾಯಿಸುತ್ತೀರಿ ಎಂದೆಲ್ಲ ಕೇಳಿದರಂತೆ. ಕ್ಲಿನಿಕ್ಕಿನ ಮೇಲಿನ ಮಹಡಿಯ ಲ್ಯಾಬಿನಲ್ಲಿ ದಿನವೂ ರಕ್ತ ತೆಗೆಯುವವಳಿಗೆ ಅವೆಲ್ಲ ನೀರು ಕುಡಿದಷ್ಟು ಸಲೀಸು. ಕೊನೆಗೆ ನಡುವೆ ಕೂತಿದ್ದ ಹಿರಿಯ ಡಾಕ್ಟರಮ್ಮ ಕನ್ನಡಕ ಕೆಳಗಿಳಿಸಿ, ನೀವು ಡಾಕ್ಟರ್ ಯಾಕೆ ಆಗಬೇಕು ಎಂದರು. ಆ ಪ್ರಶ್ನೆಗೆ ಅವಳು ಕನ್ನಡಿಯ ಮುಂದೆ ನಿಂತು ಉತ್ತರ ಉರು ಹೊಡೆದಿದ್ದಳು. ಬೇಕಾದಾಗ ಒಂದು ಅಕ್ಷರವೂ ಬಾಯಿಗೆ ಬರಲಿಲ್ಲ.

"'ಸುಮ್ಮನೆ' ಅಂದ್ಬಿಟ್ಟೆ," ಅಂದಳು. "ಅವರು 'ಸುಮ್ಮನೆನಾ?' ಅಂದ್ರು. ನಾನು 'ಹೂಂ' ಅಂದೆ. ಪಕ್ಕದವರು ಪೆನ್ನಿಗೆ ಮುಚ್ಚಳ ಹಾಕಿದ್ರು."

ಅವನ ಮುಖ ಸಣ್ಣದಾಯಿತು. ಆ ಮಾತು ಎಲ್ಲಿಂದ ಬಂತೆಂದು ಇಬ್ಬರಿಗೂ ಗೊತ್ತಿತ್ತು.

ಅವಳ ಅಜ್ಜಿಗೆ ಹಳೆಯ ಪದ್ಯಗಳೆಲ್ಲ ಬಾಯಿಪಾಠ. ಆ ಮನೆಗೆ ಬೆಳಗಾಗುತ್ತಿದ್ದದ್ದೇ ಅಜ್ಜಿಯ ದನಿಯಿಂದ. ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಕೇಳಿ ಬೆಳೆದವಳು ಮೊಮ್ಮಗಳು. ಹಲ್ಲು ಉದುರಿದ ಮೇಲೆ ಪದ್ಯ ನಿಂತಿತು. ಸೆಟ್ಟು ಕಟ್ಟಿಸಿದರೆ 'ಸ' ಬಂದಲ್ಲೆಲ್ಲ ಗಾಳಿ ಸೋರಿತು. ದೇವರ ಹೆಸರು ಹೇಳಿದ್ರೆ ಶಿಳ್ಳೆ ಹೊಡೆದ ಹಾಗಾಗುತ್ತೆ ಕಣಪ್ಪಾ, ಅವನೇನು ತಿಳ್ಕೊಂಡಾನು ಎಂದು ಅಜ್ಜಿ ಕೊರಗಿದ್ದರು. ಅವನು ಸೆಟ್ಟನ್ನು ಒಂದಿಷ್ಟು ಉಜ್ಜಿ, ಮತ್ತೆ ಕೂರಿಸಿ, "ಅಜ್ಜೀ, ಸುಮ್ಮನೆ ಅನ್ನಿ," ಎಂದಿದ್ದ.

"ಸುಮ್ಮನೆ ಏನನ್ನಲಿ?"

"ಅದೇ. ಸುಮ್ಮನೆ."

"ಅದೇ ಅಂದ್ರೆ ಯಾವುದು?"

ಅಂದು ಬಾಗಿಲಿಗೆ ಒರಗಿ ನಿಂತಿದ್ದ ಮೊಮ್ಮಗಳು ನಕ್ಕೂ ನಕ್ಕೂ ಸುಸ್ತಾಗಿದ್ದಳು. ಅವನು ತಲೆಯೆತ್ತಿ ಅವಳನ್ನು ಸರಿಯಾಗಿ ನೋಡಿದ್ದೂ ಅವತ್ತೇ. ಆಮೇಲೆ ವಾರಗಟ್ಟಲೆ ಅದೇ ಪದ, ಅದೇ ಪರೀಕ್ಷೆ. ಅಜ್ಜಿಯ ಜೊತೆ ಅವಳ ತುಟಿಯೂ ಆಡುತ್ತಿತ್ತು. ಒಂದು ದಿನ 'ಸ' ತೊಳೆದಿಟ್ಟ ಹಾಗೆ ಹೊರಬಂತು. ಪದ್ಯ ಮನೆಗೆ ಮರಳಿತು. ಆದರೂ ಅಜ್ಜಿಗೆ ವಸಡು ಒತ್ತುತ್ತಿದೆ ಎಂಬ ನೆಪ ಹೇಳಿಕೊಂಡು ಮೊಮ್ಮಗಳು ಮಹಡಿ ಇಳಿದು ಬರುವುದು ನಿಲ್ಲಲಿಲ್ಲ. ನನ್ನ ವಸಡು ಕಲ್ಲಿನ ಹಾಗಿದೆ, ನೋವಿರೋದು ಬೇರೆ ಯಾರಿಗೋ ಎಂದು ಅಜ್ಜಿ ಗೋಡೆಗೆ ಹೇಳಿದ ಹಾಗೆ ಹೇಳಿದ್ದರು.

"ತಪ್ಪು ನನ್ನದೇ," ಅಂದ ಅವನು. "ಬೇರೆ ಪದ ಹೇಳಿಸಬೇಕಿತ್ತು."

"ಯಾವುದು?"

"ಸೇವೆ. ಅದರಲ್ಲೂ 'ಸ' ಇದೆಯಲ್ಲ."

ಅಳು ಬರುವಂತಿದ್ದವಳಿಗೆ ನಗು ಬಂತು. ಅವನು ಮೇಣದ ಅಚ್ಚಿನ ಮೇಲಿಂದ ಕಣ್ಣು ತೆಗೆಯದೆ, ಸೀಟು ಸಿಕ್ಕಿದರೆ ದೂರದ ಊರಿಗೆ ಹೋಗಬೇಕಾಗುತ್ತದಲ್ಲ ಎಂದ. ಅದು ಪ್ರಶ್ನೆಯೋ ಸಂಕಟವೋ ತಿಳಿಯಲಿಲ್ಲ. ಹೂಂ ಎಂದಳು. ಆ ಹೂಂ ಕೂಡ ಅಂದಿನ ಇನ್ನೊಂದು ದುರ್ಬಲ ಉತ್ತರವಾಯಿತು.

ಕಾಯುವ ದಿನಗಳು ಶುರುವಾದವು. ಯಾರದೋ ತೋಳಿಗೆ ಪಟ್ಟಿ ಕಟ್ಟುವಾಗ, ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗ, ಆ ಪೆನ್ನಿನ ಮುಚ್ಚಳ ಟಕ್ಕೆಂದು ಕಿವಿಯಲ್ಲಿ ಬೀಳುತ್ತಿತ್ತು. ಉರು ಹೊಡೆದ ಉತ್ತರವನ್ನು ಈಗ ಮನಸ್ಸಿನಲ್ಲೇ ಹೇಳಿ ನೋಡಿದರೆ ಅದು ಯಾರದೋ ಅಂಗಿ ತೊಟ್ಟಂತೆ ಅನ್ನಿಸುತ್ತಿತ್ತು. ನೊಂದವರ ಹತ್ತಿರ ಕೂತರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಯಾಕೆ ಎಂದರೆ ಏನು ಹೇಳುವುದು? ಕೆಳಗಿನ ಕೋಣೆಗೆ ಯಾಕೆ ಹೋಗುತ್ತೀ ಎಂದು ಯಾರಾದರೂ ಕೇಳಿದ್ದರೂ ಅವಳ ಬಳಿ 'ಸುಮ್ಮನೆ' ಎಂಬ ಅದೊಂದೇ ಮಾತು ಇತ್ತು.

ಒಂದು ಬೆಳಿಗ್ಗೆ ಲ್ಯಾಬಿನಲ್ಲಿದ್ದಾಗಲೇ ಮೊಬೈಲಿಗೆ ಸುದ್ದಿ ಬಂತು. ಕೈಗವಸು ಕಳಚದೆಯೇ ಮೆಟ್ಟಿಲಿಳಿದು ಓಡಿದಳು.

"ಸಿಕ್ತು."

ಗೊತ್ತಿತ್ತು ಎಂದ ಅವನು. ದೇವರು ದೊಡ್ಡವನು ಎಂದ. ಆಮೇಲೆ ಕೆಲಸವಿದೆ ಅನ್ನುವಂತೆ ತಿರುಗಿ ಮಿಷನ್ನು ಹಾಕಿದ. ಚಕ್ರ ಗಿರಗಿರನೆ ತಿರುಗಿತು. ಅವನ ಕೈಯಲ್ಲಿ ಏನೂ ಇರಲಿಲ್ಲ. ಅವಳು ಅದನ್ನು ನೋಡಿದಳು.

ಹೊಸ ಊರು, ಹೊಸ ಹಾಸ್ಟೆಲ್ಲು. ಮೂಳೆಗಳ ಹೆಸರು ಕಲಿಯುವುದರಲ್ಲಿ ದಿನಗಳು ಉರುಳಿದವು. ಅಜ್ಜಿ ಫೋನಿನಲ್ಲೇ ಪದ್ಯ ಹೇಳುತ್ತಿದ್ದರು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಪ್ರತಿ 'ಸ'ಕ್ಕೂ ಎದೆ ಒಂದಿಷ್ಟು ಹಗುರಾಗುತ್ತಿತ್ತು, ಒಂದಿಷ್ಟು ಭಾರವೂ ಆಗುತ್ತಿತ್ತು.

ಒಂದು ಭಾನುವಾರ ಮರದ ಕೆಳಗಿನ ಬೆಂಚಿನಲ್ಲಿ ಕೂತು ಓದುತ್ತಿದ್ದಳು. ಪುಟದ ಮೇಲೆ ನೆರಳು ಬಿತ್ತು. ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಹಲ್ಲಿನ ಅಚ್ಚಿನ ಬಿಳಿ ಪುಡಿ.

"ಅಜ್ಜಿ ಸೆಟ್ಟಿಗೆ ಏನಾದ್ರೂ ಆಯ್ತಾ?" ಗಾಬರಿಯಿಂದ ಕೇಳಿದಳು.

"ಇಲ್ಲ. ಬರೋವಾಗ ನಿಮ್ಮನೆ ಹತ್ರ ಪದ್ಯ ಕೇಳಿಸ್ತಿತ್ತು. ಬೀದಿ ತನಕ."

"ಮತ್ತೆ? ಇಷ್ಟು ದೂರ ಯಾಕೆ ಬಂದ್ರಿ?"

ಅವನು ಅಂಗಿಯ ತುದಿ ಎಳೆದು ಸರಿಮಾಡಿಕೊಂಡ. ದಾರಿಯುದ್ದಕ್ಕೂ ಏನೇನೋ ಉರು ಹೊಡೆದುಕೊಂಡು ಬಂದಿದ್ದನೆಂದು ಮುಖವೇ ಹೇಳುತ್ತಿತ್ತು.

"ಸುಮ್ಮನೆ," ಅಂದ.

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಕೆಳಗಿಳಿಸಿದಳು.

"ಉತ್ತರ ವೀಕ್ ಆಯ್ತಲ್ಲ."

"ಇದೇ ಉತ್ತರಕ್ಕೆ ನಿಮಗೆ ಸೀಟು ಕೊಟ್ರು," ಅಂದ ಅವನು. "ನನಗೂ ಸಿಗಬಹುದೇನೋ ಅಂತ ಬಂದೆ."

ಹೇಳುತ್ತ ಹೇಳುತ್ತ ನಕ್ಕುಬಿಟ್ಟ, ತುಟಿ ಬಿಚ್ಚಿ. ಊರಿಗೆಲ್ಲ ಸಾಲಾಗಿ ಹಲ್ಲು ಜೋಡಿಸಿಕೊಡುವವನ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಹೆಗಲಿಗೆ ಒರಗಿಕೊಂಡಿತ್ತು. ಇಷ್ಟು ದಿನ ಬಚ್ಚಿಟ್ಟಿದ್ದು ಇದನ್ನೇ. ಇಷ್ಟು ಚೆಂದದ್ದನ್ನು.

ಅವಳು ಬೆಂಚಿನ ಮೇಲೆ ಪಕ್ಕದಲ್ಲಿಟ್ಟಿದ್ದ ದಪ್ಪ ಪುಸ್ತಕಗಳನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, ಸರಿದು ಕೂತಳು.