ಹೆಬ್ಬೆರಳಿನ ಸುತ್ತು

"ಸ್ವಲ್ಪ ತಡ್ಕೋ ಪುಟ್ಟಾ," ಎಂದ ಅವನು, ರಬ್ಬರ್ ಗೊಂಬೆಗೆ.

ಮಕ್ಕಳ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಎದೆಬಡಿತ ನಿಂತ ಕೂಸಿನ ಎದೆಯನ್ನು ಎರಡು ಬೆರಳಿನಿಂದ ಒತ್ತುವುದು ಮೇಲೋ, ಎರಡೂ ಕೈಗಳಿಂದ ಬಳಸಿ ಹಿಡಿದು ಹೆಬ್ಬೆರಳುಗಳಿಂದ ಒತ್ತುವುದು ಮೇಲೋ, ಯಾವುದರಲ್ಲಿ ಕೈ ಬೇಗ ಸೋಲುತ್ತದೆ ಎಂದು ಅವಳು ಪರೀಕ್ಷೆ ನಡೆಸುತ್ತಿದ್ದಳು. ಆಸ್ಪತ್ರೆಯ ಅರ್ಧ ಜನ ಬಂದು ಆ ಗೊಂಬೆಯ ಎದೆ ಒತ್ತಿ ಹೋಗಿದ್ದರು. ಅದನ್ನು ಮಾತನಾಡಿಸಿದವನು ಈ ಆಂಬುಲೆನ್ಸಿನವನೊಬ್ಬನೇ.

ಹಣೆಯಲ್ಲಿ ಬೆವರು, ತೋಳು ಬಿಗಿದಿತ್ತು. ಕಣ್ಣು ಮಾತ್ರ ಗೊಂಬೆಯ ಮುಖ ಬಿಟ್ಟು ಕದಲಲಿಲ್ಲ.

"ಸುಸ್ತಾಯ್ತಾ?"

"ಇಲ್ಲ ಡಾಕ್ಟ್ರೇ."

ಗೊಂಬೆಗೆ ಜೋಡಿಸಿದ್ದ ಕಂಪ್ಯೂಟರ್ ಬೇರೆಯೇ ಹೇಳುತ್ತಿತ್ತು. ಗೆರೆ ಇಳಿಯುತ್ತಾ ಬಂದಿತ್ತು; ಅವನ ಎರಡು ಬೆರಳು ಬೇಕಾದಷ್ಟು ಆಳಕ್ಕೆ ಹೋಗುತ್ತಿರಲಿಲ್ಲ.

ಅವನು ತಲೆಯೆತ್ತಿದಾಗ ಅವಳ ತುಟಿಯಲ್ಲಿ ಆ ನಗು ಇನ್ನೂ ಇತ್ತು. ಪರದೆ ನೋಡಿದ, ಅವಳನ್ನು ನೋಡಿದ. ಮುಖ ಸಣ್ಣದಾಯಿತು.

"ಹೆಬ್ಬೆರಳಿನ ಸುತ್ತು ಇನ್ನೊಂದಿನ ನೋಡೋಣ," ಎಂದವನೇ ಹೊರಟುಹೋದ.

ಮತ್ತೆ ಬರಲಿಲ್ಲ. ಅವಳಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಸೈರನ್ ಕೇಳಿದರೆ ಸಾಕು, ಬರೆಯುತ್ತಿದ್ದ ಪೆನ್ನು ನಿಲ್ಲುತ್ತಿತ್ತು. ಕಿಟಕಿಗೆ ಹೋಗಿ ನೋಡಿದರೆ ಇಳಿಯುವವರು ಬೇರೆ ಯಾರೋ. ನಾಚಿಕೆ ಬಿಟ್ಟು ಫೋನ್ ಮಾಡಿ, ಪರೀಕ್ಷೆ ಬಾಕಿ ಇದೆ ಎಂದಳು. "ಡ್ಯೂಟೀಲಿದೀನಿ," ಎಂದು ಇಟ್ಟುಬಿಟ್ಟ.

"ಒಬ್ಬ ಬರದಿದ್ರೆ ನಿನ್ನ ಪರೀಕ್ಷೆ ನಿಂತುಹೋಗುತ್ತಾ?" ಊಟಕ್ಕೆ ಕೂತಾಗ ಅಕ್ಕ ಕೇಳಿದಳು.

"ಇಲ್ಲ."

"ಮತ್ತೆ ತಟ್ಟೇನ ಯಾಕೆ ಕೆದಕ್ತಾ ಕೂತಿದೀಯ?"

ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅಕ್ಕ ಹಿಂದಿನಿಂದ ಕಿಸಕ್ಕನೆ ನಕ್ಕಳು.

ಒಂದು ಮಧ್ಯಾಹ್ನ ತುರ್ತು ಚಿಕಿತ್ಸಾ ವಿಭಾಗದ ಬಾಗಿಲು ದಡಾರನೆ ತೆರೆಯಿತು. ಸ್ಟ್ರೆಚರ್ ಮೇಲೊಂದು ಕೂಸು, ಪಕ್ಕದಲ್ಲಿ ಅವನು. ಗಂಟಲಿಗೆ ಸಿಕ್ಕಿದ್ದ ಮಣಿಯನ್ನು ದಾರಿಯಲ್ಲೇ ತೆಗೆದಿದ್ದ, ಆದರೆ ಎದೆಬಡಿತ ನಿಂತಿತ್ತು. ಎರಡೂ ಕೈಗಳಿಂದ ಆ ಪುಟ್ಟ ಎದೆಯನ್ನು ಬಳಸಿ, ಹೆಬ್ಬೆರಳುಗಳಿಂದ ಒತ್ತುತ್ತಿದ್ದ. ನರ್ಸ್ ಮಗುವಿನ ಬಾಯಿಗೆ ಮಾಸ್ಕ್ ಹಿಡಿದು ಉಸಿರು ಕೊಡತೊಡಗಿದಳು.

ಒತ್ತು ಹಗುರಾಗುತ್ತಿರುವುದು ಡಾಕ್ಟರಿಗೆ ಕಂಡಿತು. ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ:

"ಸುಸ್ತಾಗ್ತಿದೆ ಡಾಕ್ಟ್ರೇ. ನೀವು ತಗೊಳ್ಳಿ."

ಅವನ ಹೆಬ್ಬೆರಳು ಎದ್ದ ಜಾಗದಲ್ಲೇ ಅವಳದು ಊರಿತು. ಆಮೇಲೆ ಅವನು. ಮತ್ತೆ ಅವಳು. ಬಾಗಿಲಲ್ಲಿ ಮಗುವಿನ ತಾಯಿ ಮುಷ್ಟಿ ಕಚ್ಚಿಕೊಂಡು ನಿಂತಿದ್ದಳು.

"ನಾಡಿ ಸಿಕ್ತು," ಎಂದಳು ನರ್ಸ್.

ಅವಳು ಕೂಸನ್ನು ಐಸಿಯುಗೆ ಸೇರಿಸಿ ಬಂದಾಗ ಅವನು ನಲ್ಲಿಯ ಮುಂದೆ ನಿಂತಿದ್ದ. ಸೋತ ಬೆರಳುಗಳಿಂದ ಸೋಪು ಜಾರುತ್ತಿತ್ತು. ಅವಳು ಸೋಪು ತೆಗೆದುಕೊಂಡು ಅವನ ಬೆರಳುಗಳಿಗೆ ಹಚ್ಚತೊಡಗಿದಳು.

"ಅವತ್ತು ನಿಮ್ಮ ಕೈ ಸೋತಿದ್ದಕ್ಕೆ ನಗಲಿಲ್ಲ ನಾನು."

"ಮತ್ಯಾಕೆ?"

"ಗೊಂಬೇನ ಪುಟ್ಟಾ ಅಂದ್ರಲ್ಲ, ಅದಕ್ಕೆ." ಅವಳು ಅವನ ಕೈಯನ್ನೇ ನೋಡುತ್ತಿದ್ದಳು. "ಅವತ್ತಿಂದ ನನಗೆ ನೆಮ್ಮದಿ ಇಲ್ಲ."

ಅವನು ಓರೆಗಣ್ಣಲ್ಲಿ ನೋಡಿದ. "ಫೋನಲ್ಲಿ ಪರೀಕ್ಷೆ ಬಾಕಿ ಅಂದ್ರಿ, ಅಷ್ಟೇ."

"ಇನ್ನೇನು ಹೇಳ್ಬೇಕಿತ್ತು?"

"ನೋಡ್ಬೇಕು ಅನ್ಸುತ್ತೆ ಅಂತ. ಓಡಿ ಬರ್ತಿದ್ದೆ." ಕಿವಿ ಕೆಂಪಾಯಿತು. "ದಿನಾ ಮನೇಲಿ ಟವೆಲ್ ಸುತ್ತಿಟ್ಕೊಂಡು ಒತ್ತಿ ಒತ್ತಿ ಕಲ್ತೆ. ನಿಮ್ಮೆದುರು ಇನ್ನೊಂದ್ಸಲ ಸೋಲಬಾರ್ದು ಅಂತ. ಅಮ್ಮ ನನಗೇನೋ ಆಗಿದೆ ಅಂದ್ಕೊಂಡಿದಾರೆ."

"ಆಗಿದೆಯಾ?"

"ಆಗಿದೆ," ಎಂದ ಅವನು, ಮೆಲ್ಲಗೆ.

ನರ್ಸ್ ಬಾಗಿಲಲ್ಲಿ ಇಣುಕಿದಳು. "ಡಾಕ್ಟ್ರೇ, ಮಗು ಅಳ್ತಿದೆ. ಜೋರಾಗಿ."

ಇಬ್ಬರೂ ಓಡಿದರು, ಒದ್ದೆ ಕೈ ಹಿಡಿದುಕೊಂಡೇ. ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಐಸಿಯು ಬಾಗಿಲು ಬರುವವರೆಗೂ ಅವಳು ಕೈ ಬಿಡಲಿಲ್ಲ.