ಹದ್ದಿಲ್ಲದ ಪಿಸ್ತೂಲು

ಪಿಸ್ತೂಲಿನ ಬಾಯಿ ನನ್ನ ಎದೆಯಿಂದ ಎರಡೇ ಅಡಿ ದೂರದಲ್ಲಿತ್ತು.

"ಚೀಲ ಕೆಳಗಿಡಿ, ರುಕ್ಮಯ್ಯಣ್ಣ," ಎಂದ ಶೋಧನ್. "ಸುಮ್ಮನೆ ಹೋಗಿ. ಈ ಪ್ರಾಯದಲ್ಲಿ ನಿಮಗೆ ಯಾಕೆ ಇದೆಲ್ಲ?"

ಪುತ್ತಿಗೆಯ ಅವನ ಶೆಡ್ಡು. ಬೆಳಿಗ್ಗೆ ಹತ್ತೂವರೆ. ಬಾಗಿಲಿಗೆ ಚಿಲಕ. ಮೇಜಿನ ಮೇಲೆ ನೋಡಲು ಒಂದೇ ತರದ ಎರಡು ಪಿಸ್ತೂಲು, ಅವನ ಕೈಯಲ್ಲಿ ಮೂರನೆಯದು. ಗಡಿಬಿಡಿಯಲ್ಲಿ ಸಿಕ್ಕಿದ್ದನ್ನು ಎತ್ತಿಕೊಂಡಿದ್ದ. ಮೂರರಲ್ಲಿ ಅಸಲಿ ಒಂದೇ!

ನನಗೆ ಹೆದರಿಕೆ ಆಗಲಿಲ್ಲ. ಧೈರ್ಯ ಎಂದು ತಿಳಿಯಬೇಡಿ. ಹದಿನೆಂಟು ವರ್ಷದ ಹಿಂದೆ ನಾನೇ ರಿಪೇರಿ ಮಾಡಿಕೊಟ್ಟ ಕೋವಿಯಿಂದ ನನ್ನ ತಮ್ಮ ಸತ್ತ. ಅಂದಿನಿಂದ ನನಗೆ ಏನೂ ಅನ್ನಿಸುವುದಿಲ್ಲ... ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಅಷ್ಟೆ.

ಬಿ.ಸಿ.ರೋಡಿನಲ್ಲಿ ನನ್ನದು ಕೋವಿ ರಿಪೇರಿ ಅಂಗಡಿ. ಹಿಂದಿನ ದಿನ ಕನ್ಯಾನದ ಅಬ್ದುಲ್ ಶುಕೂರ್ ಸಾಹುಕಾರ್ರು ಕರೆಸಿದ್ದರು. ಚುನಾವಣೆ ಬಂತಲ್ಲ, ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಮರುದಿನ ಸಂಜೆ ಐದಕ್ಕೆ ಗಡುವು. ಅದಕ್ಕೆ ಮೊದಲು ಅವರ ಪಿಸ್ತೂಲನ್ನು ಒರೆಸಿಕೊಡಬೇಕಂತೆ.

ಪೆಟ್ಟಿಗೆ ತೆರೆದೆ. ಪಿಸ್ತೂಲಿನ ಎಡಬದಿಯಲ್ಲಿ, ಟ್ರಿಗರ್ ಸುತ್ತಲಿನ ಬಳೆಯ ಪಕ್ಕ, ನಾಝಿ ಹದ್ದಿನ ಮುದ್ರೆ!

ಸಾಹುಕಾರ್ರ ಪಿಸ್ತೂಲಿಗೆ ಹದ್ದಿಲ್ಲ. ಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಫ್ರೆಂಚರು ಅಲ್ಲಿನ ಕಾರ್ಖಾನೆ ಹಿಡಿದು, ಉಳಿದಿದ್ದ ಬಿಡಿಭಾಗಗಳಿಂದ ತಮ್ಮ ಸೈನ್ಯಕ್ಕೆಂದು ಮಾಡಿಸಿದ ಮಾಲು ಅದು. ಹದ್ದು ಒತ್ತುವವರ ಕಾಲ ಆಗಲೇ ಮುಗಿದಿತ್ತು. ಕೇರಳ ಕರಾವಳಿಯ ಮಾಹೆಯಲ್ಲಿ ಫ್ರೆಂಚರಿದ್ದಾಗ ಸಾಹುಕಾರ್ರ ತಂದೆ ಅಲ್ಲಿನ ಒಬ್ಬ ಅಧಿಕಾರಿಯಿಂದ ಕೊಂಡಿದ್ದರು.

ಯಾರು ಬಂದಿದ್ದರು ಎಂದು ಕೇಳಿದೆ. ಹಳೆ ಪಿಸ್ತೂಲು ಸಂಗ್ರಹಿಸುವವರಿಗೆ ಮಾರುವ ಶೋಧನ್ ಫೋಟೋ ತೆಗೆಯಲು ಬಂದಿದ್ದನಂತೆ. ಅಲ್ಲಿಗೆ ಗೊತ್ತಾಯಿತು. ಇಂಟರ್ನೆಟ್ಟಿನ ಚಿತ್ರ ನೋಡಿ ನಕಲಿಗಳನ್ನು ಮಾಡಿಸಿ, ಎಲ್ಲಕ್ಕೂ ಹದ್ದು ಕುಟ್ಟಿಸಿ, ಒಂದನ್ನು ಇಲ್ಲಿಟ್ಟು ಅಸಲಿಯನ್ನು ಎತ್ತಿದ್ದ. ನಕಲಿಯ ನಂಬರ್ ಲೈಸೆನ್ಸಿಗೆ ತಾಳೆಯಾಗುವುದಿಲ್ಲ. ಅದನ್ನು ಠಾಣೆಗೆ ಕೊಂಡೊಯ್ದರೆ ಎಂಬತ್ತು ವರ್ಷದ ಸಾಹುಕಾರ್ರು ಜೈಲಿಗೆ. ಹಾಗಾಗಿ ಬೆಳಿಗ್ಗೆಯೇ ಅದನ್ನು ಚೀಲಕ್ಕೆ ಹಾಕಿಕೊಂಡು, ಅಸಲಿಯನ್ನು ವಾಪಸು ಕೇಳಲು ಪುತ್ತಿಗೆಗೆ ಬಂದೆ.

ಇನ್ನೊಂದು ವಿಷಯ ಉಂಟು, ಶೋಧನನಿಗೆ ಗೊತ್ತಿಲ್ಲದ್ದು. ಸಾಹುಕಾರ್ರಿಗೆ ಮೂಗಿನ ತುದಿಯಲ್ಲೇ ಕೋಪ. ಹನ್ನೆರಡು ವರ್ಷದ ಹಿಂದೆ ಅವರ ಹೆಂಡತಿ ಜುಲೈಕಾ ಆ ಅಸಲಿ ಪಿಸ್ತೂಲನ್ನು ಸೆರಗಿನಲ್ಲಿ ಮುಚ್ಚಿ ನನ್ನಂಗಡಿಗೆ ತಂದಿದ್ದರು. ಇದು ಹೊಡೆಯದ ಹಾಗೆ ಮಾಡಿ ಅಣ್ಣ, ಇವರಿಗೆ ಗೊತ್ತಾಗಬಾರದು ಎಂದಿದ್ದರು. ನಾನು ತಮ್ಮನನ್ನು ನೆನೆದು, ಗುಂಡು ಸಿಡಿಸುವ ಪಿನ್ನನ್ನೇ ತೆಗೆದಿಟ್ಟಿದ್ದೆ.

ಚೀಲದ ನಕಲಿಯನ್ನು ಬಿಚ್ಚಿ ನೋಡಿದ್ದೆ, ಅದರಲ್ಲಿ ಪಿನ್ನು ಉಂಟು. ಅಂದರೆ ಹದ್ದಿದ್ದರೆ ಗುಂಡು ಹಾರುತ್ತದೆ. ಇಲ್ಲದಿದ್ದರೆ ಹಾರುವುದಿಲ್ಲ.

ಶೋಧನ್ ಕಿಟಕಿಯ ಕಡೆ ಓರೆಯಾದ. ಪಿಸ್ತೂಲಿನ ಎಡಬದಿಗೆ ಬೆಳಕು ಬಿತ್ತು. ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ.

ಹದ್ದಿಲ್ಲ.

ಮುಂದೆ ಹೆಜ್ಜೆ ಇಟ್ಟೆ.

"ಹೊಡೀತೇನೆ. ತಮಾಷೆ ಅಲ್ಲ ಇದು."

"ಹೊಡಿ ಮಾರಾಯ. ನನಗೆ ಐದರೊಳಗೆ ಠಾಣೆಗೆ ಮುಟ್ಟಲಿಕ್ಕುಂಟು."

ಒತ್ತಿದ. ಟಕ್... ಅಷ್ಟೆ. ಮತ್ತೆ ಒತ್ತಿದ. ಟಕ್!

ಅವನ ಮುಖ ಬಿಳಿಚಿತು. ಮೇಜಿಗೆ ಕೈ ಹಾಕಲು ಹೋದ. ಅಲ್ಲಿದ್ದ ಎರಡೂ ಹೊಡೆಯುವಂಥವು! ಮೇಜನ್ನೇ ಅವನ ಮೇಲೆ ಕೆಡವಿ, ಮಣಿಕಟ್ಟು ತಿರುಚಿ ಅಸಲಿಯನ್ನು ಕಿತ್ತುಕೊಂಡೆ. ಅವನನ್ನೂ, ಚೀಲದ್ದೂ ಸೇರಿ ನಕಲಿಗಳನ್ನೂ ಒಳಗೇ ಬಿಟ್ಟು, ಹೊರಗಿಂದ ಬೀಗ ಜಡಿದು ಪೊಲೀಸರಿಗೆ ಫೋನ್ ಮಾಡಿದೆ.

ಅವನು ಹೊಸ ಪಿನ್ನು ಹಾಕಿಸಿರಬಹುದಿತ್ತಲ್ಲ ಎಂದು ಹೊಳೆದದ್ದು ಮೂಡುಬಿದಿರೆಯಲ್ಲಿ ಚಾ ಕುಡಿಯುವಾಗ. ಈಗಲಾದರೂ ಹೆದರಿಕೆ ಆಗುತ್ತದಾ ಎಂದು ನೋಡಿದೆ. ಇಲ್ಲ. ಅದಕ್ಕೇ ಸ್ವಲ್ಪ ಬೇಸರವಾಯಿತು.

ನಾಲ್ಕೂವರೆಗೆ ಠಾಣೆಯಲ್ಲಿ ನಂಬರ್ ತಾಳೆಯಾಯಿತು, ರಶೀದಿ ಸಿಕ್ಕಿತು. ಸಾಹುಕಾರ್ರು ವರಾಂಡದ ಬೆಂಚಿನಲ್ಲಿ ಕೂತು ಬೆವರು ಒರೆಸಿಕೊಂಡರು.

"ಪಿಸ್ತೂಲು ಸರಿ ಉಂಟಲ್ಲ, ರುಕ್ಮಯ್ಯ? ಅವನು ಏನೂ ಹಾಳು ಮಾಡಲಿಲ್ಲವಲ್ಲ?"

ಅವರ ಬೆನ್ನ ಹಿಂದೆ ಜುಲೈಕಾ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು.

"ಲಾಯ್ಕ್ ಉಂಟು ಸಾಹುಕಾರ್ರೆ," ಎಂದೆ. "ಬೆಳಿಗ್ಗೆಯಷ್ಟೇ ಅದು ಒಂದು ಜೀವ ಉಳಿಸಿದೆ."